ಸಂಕದ ಕತೆ: ಮಗಳಿಗೊಂದು ಪತ್ರ

ಪುಟ್ಟೀ,

ಭಾನುವಾರ ಅಮ್ಮ ಶಿವಮೊಗ್ಗಕ್ಕೆ ಬರುತ್ತಾಳಲ್ಲ, ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ನೀನು "ಹೂಂ, ಸರಿ, ಅಮ್ಮಂಗೆ ಕೊಡು" ಅಂತೀಯ. ಬಸ್‌ಸ್ಟ್ಯಾಂಡಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತು. ಸ್ಪರ್ಧೆಗೆ ಅಂತ ನೀನು ಬರೆದು, ನಾನು ಬೈದ ಮೇಲೆ ಬಚ್ಚಲೊಲೆಗೆ ಹಾಕಿದ ಆ ನಾಲ್ಕು ಹಾಳೆ ಕತೆಯ ವಿಷಯ ಮಾತ್ರ ಬರೆಯುತ್ತೇನೆ.

ನಿನ್ನ ಟೀಚರ್ ಕೊಟ್ಟಿದ್ದ ಹಾಳೆ ಟೇಬಲ್ ಮೇಲೇ ಉಳಿದಿತ್ತು. ಸಣ್ಣ ಕತೆಯ ಮೂಲ ಅಂಶಗಳು ಅಂತ. ಪಾತ್ರ, ಸ್ಥಳ, ಕಾಲ, ಕಥಾಹಂದರ, ಸಂಘರ್ಷ, ನಿರೂಪಣೆ, ಆಶಯ. ಮೂರು ಸಲ ಓದಿದೆ. "ಕ್ಲೈಮ್ಯಾಕ್ಸ್ ಎಲ್ಲಿದೆ, ನೀತಿ ಎಲ್ಲಿದೆ, ಇದನ್ನ ಕತೆ ಅಂತಾರಾ" ಅಂತ ಆವತ್ತು ದೊಡ್ಡ ವಿದ್ವಾಂಸನ ಹಾಗೆ ಕೂಗಿದೆನಲ್ಲ, ಈ ಹಾಳೆಯಲ್ಲಿ ನೀತಿ ಅನ್ನುವ ಪದವೇ ಇಲ್ಲ ಮಾರಾಯ್ತಿ. ಆಶಯ ಅಂತಿದೆ. ನಾನು ಎರಡೂ ಒಂದೇ ಅಂದುಕೊಂಡಿದ್ದೆ. ನಮ್ಮ ಕಾಲದಲ್ಲಿ ಪ್ರತಿ ಪಾಠದ ಕೊನೆಗೂ "ಈ ಕತೆಯ ನೀತಿ ಏನು" ಅನ್ನುವ ಪ್ರಶ್ನೆ ಇರುತ್ತಿತ್ತು, ಎರಡು ಅಂಕಕ್ಕೆ, ಆ ಅಭ್ಯಾಸ.

ನಿನ್ನ ಕತೆ ಯಾವುದರ ಬಗ್ಗೆ ಅಂತ ಯಾರಾದರೂ ಕೇಳಿದರೆ, ಅಪ್ಪ ಮಗಳು ಸಂಕ, ಅಂದರೆ ಹಳ್ಳದ ಮೇಲಿನ ಮರದ ಕಾಲುಸೇತುವೆ, ದಾಟಿದ್ದರ ಬಗ್ಗೆ ಅನ್ನಬಹುದು. ಅದು ನಡೆದ ಘಟನೆ. ನಂಬಿ ಹಿಡಿದ ಕೈ ಒಂದು ಗಳಿಗೆ ಇಲ್ಲವಾಗುವುದರ ಬಗ್ಗೆ ಅಂತಲೂ ಅನ್ನಬಹುದು. ಅದು ಆಶಯ ಇರಬೇಕು. ನೀನು ಅದನ್ನು ಎಲ್ಲೂ ಬಿಡಿಸಿ ಹೇಳಿರಲಿಲ್ಲ. ಆದರೂ ನನಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಸಿಟ್ಟು ಬಂದದ್ದು.

ನಾನು ಹೇಳಿದ್ದರಲ್ಲಿ ಒಂದು ಮಾತನ್ನು ಮಾತ್ರ ವಾಪಸ್ ತಗೊಳ್ಳಲ್ಲ. ನೀನು ಕತೆಯನ್ನು "ಅವತ್ತು ಜೋರು ಮಳೆ ಬರುತ್ತಿತ್ತು" ಅಂತ ಶುರು ಮಾಡಿದ್ದೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತದೆ, ನಮ್ಮಲ್ಲಿ ಜೋರು ಮಳೆ ಅಂದರೆ ಯಾವ ಮಳೆ ಅಂತ ತಿಳಿಯಬೇಕು? ಪುಷ್ಯ ಮಳೆ ಅನ್ನು. ಹಳ್ಳದ ನೀರು ಕೆಂಪಾಗಿತ್ತು, ಕಾಲಿಗೆ ಇಂಬಳ ಹತ್ತಿತ್ತು ಅನ್ನು. ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ, ಒಂದೇ ಕಡೆ ಬಿದಿರಿನ ಹಿಡಿಕೆ, ಅದನ್ನು ಬರೆ. ಶಿವಮೊಗ್ಗದ ನಿನ್ನ ಫ್ರೆಂಡ್ಸ್‌ಗಳಲ್ಲಿ ಎಷ್ಟೋ ಮಂದಿ ಸಂಕ ನೋಡಿರಲ್ಲ. ಸ್ಥಳ, ಕಾಲ ಅಂದರೆ ನಾಟಕದ ಹಿಂದಿನ ಪರದೆ ಅಂದುಕೊಳ್ಳಬೇಡ. ಅದೇ ಹಳ್ಳ ಮಾರ್ಚ್ ತಿಂಗಳಲ್ಲಿ ಪಾದ ಮುಳುಗುವಷ್ಟೂ ಇರಲ್ಲ. ಆಗ ಅದೇ ಅಪ್ಪ, ಅದೇ ಮಗಳು ದಾಟಿದ್ದರೆ ಕತೆಯೇ ಹುಟ್ಟುತ್ತಿರಲಿಲ್ಲ, ಅಲ್ವಾ?

ಇನ್ನು ಪಾತ್ರ. "ನನ್ನ ಅಪ್ಪ ತುಂಬಾ ಒಳ್ಳೆಯವನು" ಅಂತ ಎರಡನೇ ಸಾಲಿನಲ್ಲಿತ್ತು. ನನ್ನ ಸಮಾಧಾನಕ್ಕೆ ಬರೆದದ್ದು ಅಂತ ಗೊತ್ತು. ಹೊಡೆದುಹಾಕು. ಒಬ್ಬ ಮನುಷ್ಯ ಎಂಥವನು ಅಂತ ಅವನು ಮಾಡಿದ ಕೆಲಸದಿಂದ ಓದುವವರಿಗೆ ತಿಳಿಯಬೇಕು. ನಾನು ಮಾಡಿದ್ದನ್ನು ನೀನು ಬರೆದಿದ್ದೀಯಲ್ಲ.

ಆರು ವರ್ಷದಿಂದ ನಾನು ಎಲ್ಲರಿಗೂ "ಕಾಲು ಜಾರಿತು" ಅಂತಲೇ ಹೇಳಿಕೊಂಡು ಬಂದಿದ್ದೆ. ಅಮ್ಮನಿಗೆ, ಅಜ್ಜಿಗೆ, ಕೆಲಸಕ್ಕೆ ಬರುವವರಿಗೆ. ಆವತ್ತು ಮಳೆ ರಜೆ ಅಂತ ಸುದ್ದಿ ಬರುವಷ್ಟರಲ್ಲಿ ನಾವು ಮನೆ ಬಿಟ್ಟಾಗಿತ್ತು. ನಾನು ಮುಂದೆ, ನೀನು ಹಿಂದೆ. ಎಡಗೈ ಹಿಂದಕ್ಕೆ ಚಾಚಿ ನಿನ್ನ ಕೈ ಹಿಡಿದಿದ್ದೆ, ಬಲಗೈಯಲ್ಲಿ ಕೊಡೆ. ಗಾಳಿ ಬೀಸಿ ಕೊಡೆ ಮಗುಚಿತು. ಎಡಗೈ ಕೊಡೆಗೆ ಹೋಯಿತು. ಕಾಲು ಗಟ್ಟಿಯಾಗೇ ಇತ್ತು, ಒಂದಿಂಚೂ ಜಾರಲಿಲ್ಲ. 300 ರೂಪಾಯಿಯ ಕೊಡೆ. ಅದೂ ಉಳಿಯಲಿಲ್ಲ, ಹಳ್ಳದಲ್ಲಿ ಹೋಯಿತು. ತಿರುಗಿ ನೋಡಿದರೆ ನೀನು ಸಂಕದ ಮೇಲೆ ಕೂತುಬಿಟ್ಟಿದ್ದೆ, ಎರಡೂ ಕೈಯಲ್ಲಿ ಮರ ತಬ್ಬಿಕೊಂಡು. ಅಳಲೂ ಇಲ್ಲ. ಯಾಕೆ ಅಳಲಿಲ್ಲ ಅಂತ ಆರು ವರ್ಷದಿಂದ ಕೇಳಬೇಕು ಅಂತಿದ್ದೆ, ಕೇಳಿದರೆ ನಿನಗೆ ನೆನಪಿದೆ ಅಂತಾಗುತ್ತದಲ್ಲ, ಅದಕ್ಕೆ ಬಿಟ್ಟೆ. ಒಂದನೇ ಕ್ಲಾಸಿನ ಮಗು, ಮರೆತಿರುತ್ತೆ ಅಂತ ಧೈರ್ಯ ತಂದುಕೊಂಡಿದ್ದೆ. ಈಗ ನೋಡಿದರೆ ಕೊಡೆ ಸಮೇತ ಬರೆದಿದ್ದೀಯ.

ಪಾಠಕ್ಕೆ ಬರುತ್ತೇನೆ. ಟೀಚರ್ ಹಾಳೆಯಲ್ಲಿ ಗುಡ್ಡದ ಹಾಗೆ ಒಂದು ಚಿತ್ರ ಇದೆಯಲ್ಲ, ಕಥಾಹಂದರಕ್ಕೆ. ಆರಂಭ, ಏರು, ತುದಿ, ಇಳಿಜಾರು, ಮುಕ್ತಾಯ. ಫೋನಿನಲ್ಲಿ ಹುಡುಕಿದೆ. ಫ್ರೈಟಾಗ್ ಅನ್ನುವ ಜರ್ಮನ್ ಲೇಖಕ 1863ರಲ್ಲಿ ನಾಟಕಗಳ ಬಗ್ಗೆ ಹೇಳಿದ್ದು ಅದು. ಸಣ್ಣ ಕತೆಗೆ ಅದನ್ನು ಅಳತೆಗೋಲು ಹಿಡಿದ ಹಾಗೆ ಹಿಡಿಯಬೇಕಿಲ್ಲ. ಎಷ್ಟೋ ಸಣ್ಣ ಕತೆಗಳಲ್ಲಿ ತುದಿ ಕೊನೆಯ ಹತ್ತಿರ ಬರುತ್ತದೆ, ಇಳಿಯುವ ದಾರಿ ನಾಲ್ಕೇ ಹೆಜ್ಜೆ. ನಿನ್ನದರಲ್ಲೂ ಹಾಗೇ ಇತ್ತು. ನಾನು ಗಮನಿಸಲಿಲ್ಲ ಅಷ್ಟೇ.

ಮೂರು ಸೆಕೆಂಡಿನ ವಿಷಯಕ್ಕೆ ಒಂದೂವರೆ ಪುಟ ಯಾಕೆ ಅಂತಲೂ ಬೈದೆ. ಅದೂ ನನ್ನದೇ ತಪ್ಪು. ಕತೆಯ ಕಾಲ ಗಡಿಯಾರದ ಕಾಲದ ಹಾಗೆ ಓಡಬೇಕಿಲ್ಲ. ಬೇಸಿಗೆ ರಜೆ ಪೂರ್ತಿ ಒಂದು ಸಾಲಿನಲ್ಲಿ ಮುಗಿಯಬಹುದು, ಮೂರು ಸೆಕೆಂಡಿಗೆ ಒಂದೂವರೆ ಪುಟ ಬೇಕಾಗಬಹುದು. ನನಗೆ ಆರು ವರ್ಷ ಹಿಡಿದಿದೆ ನೋಡು.

ಸಂಘರ್ಷಕ್ಕೆ ನೀನು "ಮನುಷ್ಯ ಮತ್ತು ಪ್ರಕೃತಿ" ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದೀಯ. ಹಳ್ಳ ಇದೆ, ಗಾಳಿ ಇದೆ, ಸರಿ. ಆದರೆ ಪುಣ್ಯಕೋಟಿಯ ಕತೆ ನೆನಪು ಮಾಡಿಕೊ. ಮೇಲಿಂದ ನೋಡಿದರೆ ಹಸುವಿಗೂ ಹುಲಿಗೂ ಜಗಳ. ನಿಜವಾದ ತಿಕ್ಕಾಟ ಹಸುವಿನ ಮನಸ್ಸಿನಲ್ಲಿ, ಕೊಟ್ಟ ಮಾತು ಒಂದು ಕಡೆ, ಕರು ಒಂದು ಕಡೆ. ಇನ್ನೂ ಮಜಾ ಅಂದರೆ ಕೊನೆಗೆ ಬದಲಾಗುವುದು ಹುಲಿ. ಹಸು ಮೊದಲು ಹೇಗಿತ್ತೋ ಹಾಗೇ ಇದೆ. ನಿನ್ನ ಕತೆಯಲ್ಲಿ ಯಾರು ಬದಲಾದರು ಅಂತ ಒಂದು ಸಲ ಯೋಚನೆ ಮಾಡು. ಆ ಮಗು ಆಮೇಲೆ ಸಂಕದ ಹತ್ತಿರ ಬಂದರೆ ಅಪ್ಪನ ಕೈ ಬಿಟ್ಟು ಬಿದಿರು ಹಿಡಿಯುತ್ತಿತ್ತು. ನಾನು ನೋಡಿದ್ದೇನೆ. ಪ್ರತಿ ದಿನ ನೋಡಿದ್ದೇನೆ.

"ಹಾಗೆ ಆಗಲೇ ಇಲ್ಲ" ಅಂತ ಕಿರುಚಿದೆನಲ್ಲ, ಅದು ನಿರೂಪಣೆಯ ಪ್ರಶ್ನೆ ಅಂತ ಈಗ ಅನ್ನಿಸುತ್ತಿದೆ. ನೀನು "ನಾನು" ಅಂತ ಬರೆದೆ. "ನಾನು" ಅಂತ ಹೇಳುವವಳಿಗೆ ತಾನು ಕಂಡದ್ದು, ತನಗೆ ಅನ್ನಿಸಿದ್ದು ಮಾತ್ರ ಗೊತ್ತು. ಆರು ವರ್ಷದ ಮಗುವಿನ ಎತ್ತರಕ್ಕೆ ಕೈ ಕಾಣುತ್ತದೆ, ಕೊಡೆ ಕಾಣುತ್ತದೆ, ಅಪ್ಪನ ತಲೆಯೊಳಗೆ ಏನಾಯಿತು ಅಂತ ಕಾಣಲ್ಲ. ಅವಳು, ಅವನು ಅಂತ ಬರೆದರೆ ಬೇಕಾದರೆ ಇಬ್ಬರ ಒಳಗೂ ಹೋಗಿಬರಬಹುದು. ನನಗಂತೂ ನೀನು ಬರೆದ ಹಾಗೇ ಇಷ್ಟ. ಅದರೊಳಗೆ ಬಂದು "ಅಪ್ಪನ ಉದ್ದೇಶ ಹಾಗಿರಲಿಲ್ಲ" ಅಂತ ಸೇರಿಸು ಅಂದೆನಲ್ಲ, ಸೇರಿಸಬೇಡ. ಆ ಮಗುವಿಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ.

"ಅಪ್ಪನ ಕೈ ಇತ್ತು. ಆಮೇಲೆ ಮಳೆ ಇತ್ತು." ಇಷ್ಟು ಮಾತ್ರ ನನಗೆ ಬಾಯಿಪಾಠ ಆಗಿದೆ. ಮೊನ್ನೆ ಅಡಿಕೆ ತೋಟದಲ್ಲಿ ಕೊಳೆ ರೋಗದ ಔಷಧಿ ಹೊಡೆಸುವಾಗ ಸುಮ್ನೆ ಇದನ್ನೇ ಹೇಳಿಕೊಳ್ಳುತ್ತಿದ್ದೆ. ನನ್ನ ಮಗಳು ಬರೆದದ್ದು ಅಂತ ಮರದ ಮೇಲಿದ್ದ ಕೊನೆಗಾರನಿಗೂ ಹೇಳಿದೆ. ಅವನಿಗೆ ಏನೂ ತಿಳಿಯಲಿಲ್ಲ, "ಅಕ್ಷರ ಚಂದ ಇದ್ಯಾ ಅಣ್ಣ" ಅಂದ. ಅಕ್ಷರ ಚಂದ ಇಲ್ಲ, ಅದನ್ನೂ ಸ್ವಲ್ಪ ನೋಡು. ಗಣಿತವನ್ನೂ ಬಿಡಬೇಡ. ರಾತ್ರಿ ಹನ್ನೊಂದಕ್ಕಿಂತ ಮೇಲೆ ಕೂತು ಬರೆಯಬೇಡ, ತಲೆನೋವು ಬರುತ್ತೆ. ನೋಡು, ಉಪದೇಶ ಮಾಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟು ಬರೆಯಲು ಕೂತಿದ್ದೆ.

ಸ್ಪರ್ಧೆಗೆ ಕೊಡಲು ಇನ್ನೂ ದಿನ ಇದೆಯಂತೆ. ಕೊಡುವುದು, ಬಿಡುವುದು ನಿನ್ನ ಇಷ್ಟ. ಬರೆಯುವುದಾದರೆ ನೆನಪಿನಿಂದ ಮತ್ತೆ ಬರೆ, ಒಲೆಗೆ ಹೋದದ್ದು ವಾಪಸ್ ಬರಲ್ಲ. ನನ್ನನ್ನು ಏನಾದರೂ ಕೇಳಬೇಕಾದರೆ ಕೇಳು, ಈ ಸಲ ಜಾರಿತು ಅನ್ನಲ್ಲ. ನನ್ನದು ತಪ್ಪಾಯಿತು ಪುಟ್ಟಿ. ಕೊಡೆಯದೂ, ಕತೆಯದೂ.

ನಿನ್ನೆ ರಾತ್ರಿ ಅಮ್ಮನಿಗೆ ನಿಜ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ನೀನು ಕೊಡೆ ನೀಲಿ ಅಂತ ಬರೆದದ್ದಕ್ಕೂ ನಾನು ಕಪ್ಪು ಕೊಡೆ ಅಂತ ಜಗಳ ಆಡಿದ್ದೆನಲ್ಲ, ಅದನ್ನೂ ಹೇಳಿದೆ. ನೀಲಿಯೇ ಅಂತೆ. ಆ ವರ್ಷ ಮಳೆ ಹಿಡಿಯುವ ಮೊದಲು ತೀರ್ಥಹಳ್ಳಿ ಸಂತೆಯಲ್ಲಿ ತಾನೇ ತಂದದ್ದಂತೆ.

ಹಲಸಿನ ಹಪ್ಪಳ ಕಳಿಸಿದ್ದೇನೆ, ರೂಮಿನವರಿಗೂ ಕೊಡು.

ಅಪ್ಪ