ಪೊಲೀಸ್ ಬುಲೆಟ್ಟಿನ ವೈರಿಂಗ್: ಗೆಳೆಯನಿಗೊಂದು ಪತ್ರ

ತುಮಕೂರು

ಪ್ರಿಯ ಗೆಳೆಯ,

ಹರಾಜಿನಲ್ಲಿ ನೀನೂ ಪೊಲೀಸರು ಓಡಿಸಿದ ಒಂದು ಬುಲೆಟ್ ಬೈಕ್ ಹಿಡಿದಿರುವೆಯೆಂದೂ, ಅದರ ಹಳೆಯ ವೈರಿಂಗನ್ನೆಲ್ಲ ಕಿತ್ತು ಹೊಸದು ಹಾಕಿಸಲು ಹೊರಟಿರುವೆಯೆಂದೂ ತಿಳಿಯಿತು. ದಯವಿಟ್ಟು ಸ್ವಲ್ಪ ತಡೆ. ನನ್ನ ಗಾಡಿಯೊಡನೆ ಎರಡು ತಿಂಗಳು ಹೆಣಗಿ ತಿಳಿದುಕೊಂಡದ್ದನ್ನು ಓದಿದ ಮೇಲೆ ಕಟಿಂಗ್ ಪ್ಲೇಯರ್ ಕೈಗೆತ್ತಿಕೋ.

ಇಂಥ ಗಾಡಿಯ ಮೈಯೊಳಗೆ ಎರಡು ವೈರಿಂಗ್ ಇರುತ್ತವೆ. ಒಂದು ಕಂಪನಿಯಿಂದ ಬಂದದ್ದು. ಇನ್ನೊಂದು ಸೈರನ್, ಕೆಂಪು-ನೀಲಿ ದೀಪ, ಧ್ವನಿವರ್ಧಕಗಳಿಗಾಗಿ ಆಮೇಲೆ ಸೇರಿಸಿದ್ದು. ನನ್ನದರಲ್ಲಿ ಕಂಪನಿಯ ವೈರಿಂಗ್ ಇಂದಿಗೂ ಗಟ್ಟಿಯಾಗಿದೆ. ತೊಂದರೆಯೆಲ್ಲ ಎರಡನೆಯದರಲ್ಲಿತ್ತು. ಟ್ಯಾಂಕ್ ಬಿಚ್ಚಿ ನೋಡಿದಾಗ ಟೇಪಿನ ಅಂಟು ಕರಗಿ ಕಾಕಂಬಿಯಂತಾಗಿತ್ತು; ಅದರೊಳಗೆ ಒಂದೇ ಕೆಂಪು ಬಣ್ಣದ ಐದು ತಂತಿಗಳಿದ್ದು, ಅವುಗಳ ತುದಿಯ ತಾಮ್ರ ಹಸಿರುಗಟ್ಟಿತ್ತು. ಬಣ್ಣ ನೋಡಿ ಯಾವುದು ಎಲ್ಲಿಗೆ ಹೋಗುತ್ತದೆಂದು ಹೇಳುವಂತಿರಲಿಲ್ಲವಾದ್ದರಿಂದ, ಮಲ್ಟಿಮೀಟರನ್ನು (ವಿದ್ಯುತ್ ಅಳೆಯುವ ಮೀಟರ್) ಒಂದೇ ತಂತಿಯ ಎರಡು ತುದಿ ಮುಟ್ಟಿದರೆ ಬೀಪ್ ಎನ್ನುವಂತೆ ಇಟ್ಟು ಒಂದೊಂದರ ಎರಡೂ ತುದಿ ಹುಡುಕಿ, ಚೀಟಿ ಕಟ್ಟಿ, ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ, ಹೆಚ್ಚು ಸಂತೋಷ ಕೊಟ್ಟದ್ದೂ ಇದೇ.

ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಸತ್ತುಹೋಗುತ್ತಿದ್ದುದರ ಗುಟ್ಟು ಆ ನಕ್ಷೆಯಲ್ಲಿಯೇ ಸಿಕ್ಕಿತು. ಸೈರನ್ ಬಿಚ್ಚಿಕೊಂಡವರು ಅದರ ಆಂಪ್ಲಿಫೈಯರ್ ಡಬ್ಬಿಯನ್ನು ಸೀಟಿನ ಕೆಳಗೇ ಬಿಟ್ಟಿದ್ದರು. ಕೀಲಿ ತೆಗೆದರೂ ಅದಕ್ಕೆ ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಕೂಡ ಇಲ್ಲದೆ, ವಿದ್ಯುತ್ ಹೋಗುತ್ತಿತ್ತು. ಬ್ಯಾಟರಿಯ ಮೈನಸ್ ಬಿಚ್ಚಿ, ನಡುವೆ ಮೀಟರ್ ಇಟ್ಟಾಗ 0.2 ಆಂಪಿಯರ್ ತೋರಿಸಿತು. ದಿನಕ್ಕೆ 4.8 ಆಂಪಿಯರ್-ಅವರ್ ಆಯಿತು. 14 ಆಂಪಿಯರ್-ಅವರಿನ ಬ್ಯಾಟರಿ ಎಷ್ಟು ದಿನ ತಾಳೀತು? ಹೀಗೆ ಅಳೆಯುವಾಗ ಮೀಟರಿನ ತಂತಿ 10 ಆಂಪಿಯರ್ ತೂತಿನಲ್ಲಿರಲಿ, ಸೆಲ್ಫ್ ಮಾತ್ರ ಒತ್ತಬೇಡ, ಮೀಟರ್ ಸುಟ್ಟುಹೋಗುತ್ತದೆ.

ಆ ಡಬ್ಬಿಯನ್ನೂ ಐದು ತಂತಿಗಳನ್ನೂ ಬುಡಸಮೇತ ತೆಗೆದೆ. ಸೈರನ್ ಮತ್ತೆ ಕೂರಿಸುವ ಆಸೆ ನಿನಗಿದ್ದರೆ ಬಿಟ್ಟುಬಿಡು; ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದಂತೆ ಅದು ಪೊಲೀಸ್, ಆಂಬ್ಯುಲೆನ್ಸ್, ಅಗ್ನಿಶಾಮಕದಂಥ ವಾಹನಗಳಿಗಷ್ಟೇ ಸಲ್ಲುತ್ತದೆ.

ನಾನು ಹೊಸದಾಗಿ ಮಾಡಿದ ಬದಲಾವಣೆ ಒಂದೇ, ಹೆಡ್‌ಲೈಟಿನದು. ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದರೆ ಬಲ್ಬಿನ ಬಳಿ 11.1 ಮಾತ್ರ ಸಿಗುತ್ತಿತ್ತು. ಹತ್ತರಲ್ಲೊಂದು ಪಾಲು ವೋಲ್ಟೇಜ್ ಕುಸಿದರೆ ಹ್ಯಾಲೊಜನ್ ಬಲ್ಬಿನ ಬೆಳಕು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕುಗ್ಗುತ್ತದೆ. 60 ವ್ಯಾಟ್ ಬಲ್ಬ್ ಎಳೆಯುವ 5 ಆಂಪಿಯರ್, ಸವೆದ ಕೀಲಿ ಸ್ವಿಚ್ಚು, ಡಿಪ್ ಸ್ವಿಚ್ಚುಗಳೊಳಗೆ ಹಾದುಬರುವುದೇ ಇದಕ್ಕೆ ಕಾರಣ. ಆದ್ದರಿಂದ ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಹಾಕಿದೆ: ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ ದಪ್ಪ ತಂತಿ ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ, ಹಳೆಯ ಬೀಮ್ ತಂತಿ 86ಕ್ಕೆ, 85 ಅರ್ತಿಗೆ. ಅರ್ತ್ ಕೂರಿಸುವ ಕಡೆ ಚಾಸಿಯ ಬಣ್ಣವನ್ನು ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಲೇಬೇಕು; ಅದನ್ನು ಮರೆತು ನಾನೊಂದು ಸಂಜೆಯನ್ನು ಕಳೆದುಕೊಂಡೆ.

ಮೊನ್ನೆ ರಾತ್ರಿ ದೇವರಾಯನದುರ್ಗದ ತಿರುವುಗಳಲ್ಲಿ ಓಡಿಸಿ ನೋಡಿದೆ. ಮೊದಲು ಹತ್ತಿರ ಬಂದ ಮೇಲಷ್ಟೇ ಕಾಣುತ್ತಿದ್ದ ತಡೆಗೋಡೆಯ ಕಲ್ಲುಗಳು ಈಗ ದೂರದಿಂದಲೇ ಒಂದೊಂದಾಗಿ ಎಣಿಸುವಂತೆ ಕಾಣುತ್ತಿದ್ದವು.

ಭಾನುವಾರ ಗಾಡಿ ತೆಗೆದುಕೊಂಡು ಬಾ. ಸೀಟು, ಟ್ಯಾಂಕ್ ಬಿಚ್ಚಿ ಇಬ್ಬರೂ ಕೂತು ನೋಡೋಣ; ನನ್ನ ನಕ್ಷೆಯ ಒಂದು ಪ್ರತಿಯನ್ನು ನಿನಗಾಗಿ ತೆಗೆದಿಟ್ಟಿದ್ದೇನೆ.

ಇಂತಿ ನಿನ್ನ
ಗೆಳೆಯ