ಎಂಡ್‌ವಾಕರ್ ಮುಗಿಯಿತು: ನನಗಾಗಿ ಕಾದವರಿಗೆ ಕೃತಜ್ಞತೆ

ಬಹಳ ಜನ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುವ ಫೈನಲ್ ಫ್ಯಾಂಟಸಿ 14 ಆಟದ ‘ಎಂಡ್‌ವಾಕರ್’ ವಿಸ್ತರಣೆಯ, ಅಂದರೆ ಆಟಕ್ಕೆ ಆಮೇಲೆ ಸೇರಿಸಿದ ಹೊಸ ಭಾಗದ, ಮುಖ್ಯ ಕಥೆಯನ್ನು ಕಳೆದ ಶನಿವಾರ ರಾತ್ರಿ ಮುಗಿಸಿದೆ. 2021ರ ಡಿಸೆಂಬರ್ 7ರಂದು ಬಿಡುಗಡೆಯಾದ ವಿಸ್ತರಣೆಯನ್ನು 2024ರ ಜೂನ್‌ನಲ್ಲಿ, ಅದರ ಮುಂದಿನದಾದ ‘ಡಾನ್‌ಟ್ರೇಲ್’ ಬಾಗಿಲಿಗೆ ಬಂದು ನಿಂತಿರುವಾಗ ಮುಗಿಸುವುದರಲ್ಲಿ ಹೆಚ್ಚುಗಾರಿಕೆ ಏನಿದೆ ಎಂದು ಆಟ ಬಲ್ಲವರು ನಕ್ಕರೆ ನಗಲಿ, ನನಗೆ ಬೇಸರವಿಲ್ಲ. ನಡುವೆ ಏನಾಯಿತು ಎಂಬುದು ಇದನ್ನು ಓದುತ್ತಿರುವ ಬಹುತೇಕರಿಗೆ ತಿಳಿದೇ ಇದೆ. ಆಸ್ಪತ್ರೆ, ವರದಿ, ಔಷಧಗಳ ಮಾತನ್ನು ಮತ್ತೆ ಎತ್ತುವುದಿಲ್ಲ. ಈಗ ಚೆನ್ನಾಗಿದ್ದೇನೆ ಎಂದಷ್ಟೇ ಹೇಳಿ, ಸಲ್ಲಬೇಕಾದ ಕೃತಜ್ಞತೆಗಳನ್ನು ಸಲ್ಲಿಸಲು ಕುಳಿತಿದ್ದೇನೆ.

ನನ್ನನ್ನು ನೋಡಿಕೊಂಡ ವೈದ್ಯರು ಮತ್ತು ದಾದಿಯರು, ನನಗಾಗಿ ತಮ್ಮ ದಿನಚರಿಯನ್ನೇ ಬದಲಿಸಿಕೊಂಡ ಅಮ್ಮ ಮತ್ತು ಪತ್ನಿ, ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಕಚೇರಿಯ ಗೆಳೆಯರು, ಮೈಸೂರಿನ ಬಿಸಿಲಿನಲ್ಲಿ ಊಟದ ಡಬ್ಬಿ ಹೊತ್ತು ಬರುತ್ತಿದ್ದ ಭಾವ, ಇವರೆಲ್ಲರ ಋಣ ಒಂದು ಬರಹದಲ್ಲಿ ತೀರುವಂಥದ್ದಲ್ಲ. ಮನೆಯವರಿಗೆ ನಾನು ಎದುರಿಗೇ ಹೇಳಿದ್ದೇನೆ, ಮುಂದೆಯೂ ಹೇಳುತ್ತಿರುತ್ತೇನೆ. ಈ ಬರಹ ಮುಖ್ಯವಾಗಿ ನಾನು ಇಂದಿಗೂ ಮುಖತಃ ಭೇಟಿಯಾಗದವರಿಗೆ ಸೇರಿದ್ದು.

ಆಟವನ್ನು ಕಟ್ಟಿದವರನ್ನು ಮೊದಲು ನೆನೆಯಬೇಕು. ಎಂಡ್‌ವಾಕರ್ ನವೆಂಬರ್ 23ಕ್ಕೆ ಬರಬೇಕಿತ್ತು. ಇನ್ನೂ ತಿದ್ದಿ ಹಸನುಗೊಳಿಸಬೇಕಾದದ್ದಿದೆ ಎಂದು ನಿರ್ದೇಶಕ ನಾವೊಕಿ ಯೋಶಿಡಾ ಕ್ಷಮೆ ಕೇಳಿ ಎರಡು ವಾರ ಮುಂದೂಡಿದರು. ಬಂದ ಮೇಲೆ ಜನ ಎಷ್ಟು ನುಗ್ಗಿದರೆಂದರೆ ಒಳಗೆ ಹೋಗುವ ಸರತಿಯೇ ಗಂಟೆಗಟ್ಟಲೆ ಹಿಡಿಯಿತು, ಡಿಸೆಂಬರ್ ಮಧ್ಯದಲ್ಲಿ ಆಟದ ಮಾರಾಟವನ್ನೇ ನಿಲ್ಲಿಸಬೇಕಾಯಿತು, ಚಂದಾದಾರರಿಗೆ ಮೊದಲು ಏಳು, ಆಮೇಲೆ ಮತ್ತೆ ಹದಿನಾಲ್ಕು ದಿನಗಳ ಆಟದ ಅವಧಿಯನ್ನು ಉಚಿತವಾಗಿ ಕೊಟ್ಟರು. ಇವೆಲ್ಲ ಆಗ ನನಗೆ ದೊಡ್ಡ ಸಂಗತಿಗಳಾಗಿದ್ದವು. ಚಿಕಿತ್ಸೆ ಆರಂಭವಾದ ನಂತರ ನಾನು ಮತ್ತೆ ಮತ್ತೆ ನೆನೆದದ್ದು ಬೇರೊಂದು ಸಂಗತಿಯನ್ನು. ಸಂಗೀತ ನಿರ್ದೇಶಕ ಮಸಯೋಶಿ ಸೋಕೆನ್ 2021ರ ಮೇ ತಿಂಗಳ ಅಭಿಮಾನಿ ಉತ್ಸವದ ಪ್ರಸಾರದಲ್ಲಿ, ಹಿಂದಿನ ವರ್ಷ ತಾವು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದುದನ್ನೂ ಆಸ್ಪತ್ರೆಯ ಕೋಣೆಯಿಂದಲೇ ಆಟಕ್ಕಾಗಿ ಕೆಲಸ ಮುಂದುವರಿಸಿದ್ದನ್ನೂ ಹೇಳಿಕೊಂಡಿದ್ದರು. ಯೋಶಿಡಾ ಅವರ ಕಣ್ಣು ಅಂದು ತುಂಬಿ ಬಂದಿತ್ತು. ಆ ಪ್ರಸಾರವನ್ನು ನೋಡುವಾಗ ಮರುಗಿ ಸುಮ್ಮನಾಗಿದ್ದ ನಾನು, ನನ್ನದೇ ಆಸ್ಪತ್ರೆಯ ಹಾಸಿಗೆಯಲ್ಲಿ ಅವರ ಸಂಗೀತವನ್ನು ಕೇಳುತ್ತಾ, ಕೆಲಸ ಮಾಡಿದರೆಂಬುದಕ್ಕಿಂತ ಮಾಡಲು ಅವರಿಗೆ ಮನಸ್ಸಾದರೂ ಹೇಗೆ ಬಂದಿತೆಂದು ಸೋಜಿಗಪಟ್ಟೆ. ನನಗಂತೂ ಆಗ ಗುಂಡಿ ಒತ್ತುವ ಮನಸ್ಸೂ ಇರಲಿಲ್ಲ.

ನಮ್ಮ ಫ್ರೀ ಕಂಪನಿಯ, ಅಂದರೆ ಆಟದೊಳಗಿನ ನಮ್ಮ ಸಂಘದ, ಸದಸ್ಯರಿಗೆಲ್ಲ ಒಟ್ಟಾಗಿ ವಂದನೆ: ತಿಂಗಳುಗಟ್ಟಲೆ ಮುಖ ತೋರಿಸದ ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯದ ನಾಯಕನಿಗೆ, ನನ್ನ ಕೋಣೆ ಹಾಗೆಯೇ ಇದೆ ಎಂದು ಆಗಾಗ ಸುದ್ದಿ ಕಳಿಸುತ್ತಿದ್ದ ಪರ್ತ್‌ನ ಹುಡುಗರಿಗೆ, ಹಿಂದಿರುಗಿದಾಗ ಏನನ್ನೂ ಕೇಳದೆ ಎರಡು ಕೈಗಳ ತುಂಬ ಆಹಾರ ಮತ್ತು ಮದ್ದುಗಳನ್ನು ಕೊಟ್ಟ ಅಡುಗೆ ನಿಪುಣನಿಗೆ.

ಇನ್ನು ಅಕ್ಕನ ಮಾತು. ಹೆಸರು ಹಾಕಕೂಡದೆಂದು ಅವರು ಮೊದಲೇ ಕಟ್ಟಪ್ಪಣೆ ಮಾಡಿರುವುದರಿಂದ, ಆಟದಲ್ಲಿ ಕರೆಯುವಂತೆ ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ. ಅವರು ಮೂಲತಃ ನಮ್ಮ ಕರಾವಳಿಯವರು, ಬಹುಕಾಲದಿಂದ ಮೆಲ್ಬರ್ನ್‌ನಲ್ಲಿದ್ದಾರೆ, ಆಟದಲ್ಲಿ ವೈಟ್ ಮೇಜ್, ಅಂದರೆ ತಂಡದ ಗಾಯ ಮಾಯಿಸುವವರು. 2022ರ ಜನವರಿ 25ರಂದು ಆಸ್ಟ್ರೇಲಿಯಾ ಕಡೆಯ ಆಟಗಾರರಿಗಾಗಿ ‘ಮಟೀರಿಯಾ’ ಡೇಟಾ ಸೆಂಟರ್ (ಸರ್ವರ್‌ಗಳ ಗುಂಪು) ಆರಂಭವಾದಾಗ ನಾನು ಯುರೋಪಿನ ಸರ್ವರ್ ಬಿಟ್ಟು ಅಲ್ಲಿಗೆ ಬಂದೆ. ಬಿಸ್ಮಾರ್ಕ್, ರಾವಣ, ಸೆಫಿರೋಟ್, ಸೋಫಿಯಾ, ಜುರ್ವಾನ್ ಎಂಬ ಐದು ಲೋಕಗಳಲ್ಲಿ, ಅಂದರೆ ಸರ್ವರ್‌ಗಳಲ್ಲಿ, ರಾವಣನನ್ನು ಬಿಟ್ಟು ಬೇರೊಂದನ್ನು ಆಯ್ದುಕೊಳ್ಳಲು ಮನಸ್ಸಾಗಲಿಲ್ಲ. ಅಲ್ಲಿನ ಮೊದಲ ದಿನಗಳಲ್ಲೊಮ್ಮೆ ಇಡೀ ತಂಡ ನೆಲಕಚ್ಚಿದಾಗ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಯ್ಯೋ ರಾಮ’ ಎಂದು ಟೈಪಿಸಿದೆ. ಮರುಕ್ಷಣವೇ ಯಾರೋ ಖಾಸಗಿಯಾಗಿ, ‘ರಾವಣನ ಊರಲ್ಲಿ ಕೂತು ರಾಮನನ್ನು ಕರೆದರೆ ಆಗುವುದುಂಟಾ ಮಾರಾಯಾ?’ ಎಂದು ಬರೆದರು. ಪರಿಚಯ ಆದದ್ದು ಹೀಗೆ.

ಕಥೆಯಲ್ಲಿ ಅವರು ನನಗಿಂತ ಬಹಳ ಮುಂದಿದ್ದರು. ಬಿಡುಗಡೆಯಾದ ತಿಂಗಳಲ್ಲೇ ಮುಗಿಸಿದ್ದರು. ನಾನು ನಿಧಾನದವನು. ಥಾವ್‌ನೇರ್ ದ್ವೀಪಕ್ಕೆ ಹೋದಾಗಲಂತೂ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ನಮ್ಮ ಕಡೆಯ ಬಣ್ಣ, ಬಟ್ಟೆ, ವಾಸ್ತುಗಳಿಂದ ಸ್ಫೂರ್ತಿ ಪಡೆದು ಕಟ್ಟಿದ ನಾಡು ಅದು. ಅಲ್ಲಿನ ಆನೆಮೊಗದ ಜನ ಅರ್ಕಸೋದರರು, ಕಾಡಿನ ಹೆಸರಿನ ಡಂಜನ್ (ಶತ್ರುಗಳನ್ನು ಗೆಲ್ಲುತ್ತಾ ದಾಟುವ ಹಂತ) ವನಸ್ಪತಿ, ಮೀನುಗಾರ ಯುವಕ ಮತ್ಸ್ಯ. ಇನ್ನು ವೇದದಲ್ಲಿ ಇಂದ್ರನ ವೈರಿಯಾದ ವೃತ್ರ ಇಲ್ಲಿ ಪ್ರಜೆಗಳನ್ನು ಕಾಯುವ ಮೃದು ಸ್ವಭಾವದ ಡ್ರ್ಯಾಗನ್. ನಾನು ಅಲ್ಲಿ ಪ್ರತಿಯೊಂದು ಅಂಗಡಿಯ ಮುಂದೆ ನಿಂತು ಉದ್ಗಾರ ತೆಗೆಯುತ್ತಿದ್ದರೆ ಅಕ್ಕ ಪಕ್ಕದಲ್ಲೇ ನಿಂತಿರುತ್ತಿದ್ದರು, ಮುಂದೇನಾಗುತ್ತದೆ ಎಂದು ಒಮ್ಮೆಯೂ ಬಾಯಿ ಬಿಟ್ಟವರಲ್ಲ. ಅದೇ ದ್ವೀಪದ ಮೇಲೆ ಮುಂದೆ ಎಂಥ ವಿಪತ್ತು ಎರಗಲಿದೆ ಎಂಬುದು ಅವರಿಗೆ ಗೊತ್ತಿತ್ತು. ಆ ವಿಪತ್ತಿನ ಭಾಗಕ್ಕೆ ತಲುಪುವ ಮೊದಲೇ, ಹಿಮ ಸುರಿಯುವ ಗಾರ್ಲೆಮಾಲ್ಡ್‌ನ ಪಾಳುಬಿದ್ದ ರಾಜಧಾನಿಯಲ್ಲಿ ನನ್ನ ಪಾತ್ರವನ್ನು ನಿಲ್ಲಿಸಿ ನಾನು ಆಸ್ಪತ್ರೆ ಸೇರಿದೆ.

2022ರ ಡಿಸೆಂಬರಿನ ಆ ರಾತ್ರಿಯ ಬಗ್ಗೆ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿ ಈಗ ಬರೆಯುತ್ತಿದ್ದೇನೆ. ನೋವಿಗಿಂತ ಹೆಚ್ಚಾಗಿ ಕತ್ತಲಾಗುವುದನ್ನೇ ಕಂಡು ನಾನು ಹೆದರುತ್ತಿದ್ದ ಕಾಲ ಅದು. ಮನೆಯವರು ದಣಿದು ಮಲಗಿದ ಮೇಲೆ ಎಚ್ಚರವಿರುವವನು ನಾನೊಬ್ಬನೇ ಎಂಬ ಭಾವನೆ ಎದೆಯ ಮೇಲೆ ಕೂರುತ್ತಿತ್ತು. ಅಂದು ಸಂಜೆ ಅಕ್ಕನಿಗೆ, ಇಂದಿನ ರಾತ್ರಿ ಹೇಗೆ ಕಳೆಯುವುದೋ ಗೊತ್ತಾಗುತ್ತಿಲ್ಲ ಎಂದು ಒಂದು ಸಾಲು ಕಳಿಸಿದ್ದೆ. ರಾತ್ರಿ ಒಂಬತ್ತೂವರೆಗೆ ಸುಮ್ಮನೆ ಆಟ ತೆರೆದರೆ ಅವರು ಆಟದ ಲಿಮ್ಸಾ ಲೊಮಿನ್ಸಾ ಎಂಬ ಊರಿನ ಬಂದರಿನಲ್ಲಿ ಗಾಳ ಹಿಡಿದು ನಿಂತಿದ್ದರು. ಅಲ್ಲಿ ಬೇಸಿಗೆ, ಗಡಿಯಾರ ನಮಗಿಂತ ಐದೂವರೆ ಗಂಟೆ ಮುಂದೆ. ಅಂದರೆ ಮೆಲ್ಬರ್ನ್‌ನಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಬೇಗ ಮಲಗಿ, ಅಲಾರಂ ಇಟ್ಟು ಎದ್ದು ಬಂದಿದ್ದರೆಂಬುದು ನನಗೆ ತಿಳಿದದ್ದು ಬಹಳ ದಿನಗಳ ನಂತರ, ಅದೂ ಬೇರೆಯವರಿಂದ.

ಆಟ ಗೊತ್ತಿಲ್ಲದವರಿಗಾಗಿ ಒಂದು ವಿವರಣೆ: ಆ ಬಂದರಿನಿಂದ ನಿಜಗಾಲದ ಎರಡು ಗಂಟೆಗೊಂದರಂತೆ ಮೀನು ಹಿಡಿಯುವ ಹಡಗು ಹೊರಡುತ್ತದೆ. ಒಂದು ಹಡಗಿಗೆ ಇಪ್ಪತ್ನಾಲ್ಕು ಜನ. ಸಮುದ್ರದ ಮೂರು ತಾಣಗಳಲ್ಲಿ ನಿಂತು ಗಾಳ ಹಾಕಿ ಅರ್ಧ ಗಂಟೆಯೊಳಗೆ ಮರಳಿ ಬರುವುದು. ಅದರಲ್ಲಿ ಸೋಲುವ ಭಯವಿಲ್ಲ, ನಮ್ಮಿಂದ ಇನ್ನೊಬ್ಬರಿಗೆ ತೊಂದರೆಯಾಗುವ ಅಳುಕೂ ಇಲ್ಲ. ಅಕ್ಕ ನನ್ನನ್ನು ಅದಕ್ಕೆ ಹತ್ತಿಸಿದರು. ಮರಳಿದ ಮೇಲೆ, ‘ಮುಂದಿನದಕ್ಕೆ ಇನ್ನೂ ಸಮಯ ಉಂಟು, ಕೂತುಕೋ’ ಎಂದರು. ಕಟ್ಟೆಯ ಮೇಲೆ ಇಬ್ಬರ ಪಾತ್ರಗಳೂ ಕುಳಿತವು. ಬಂಗುಡೆ ಸಾರಿಗೆ ಹುಳಿ ಎಷ್ಟು ಹಾಕಬೇಕು, ತಮ್ಮ ಮಗ ಕನ್ನಡ ಮಾತನಾಡುವಾಗ ಎಲ್ಲಿ ಎಡವುತ್ತಾನೆ ಎಂಬಂಥ ಮಾತುಗಳನ್ನೇ ಅವರು ಮುಂದಿನ ಹಡಗಿನವರೆಗೂ ಎಳೆದರು. ಹನ್ನೊಂದೂವರೆಯ ಹಡಗು ಹೋಗಿ ಬಂತು. ಒಂದೂವರೆಯದರಲ್ಲಿ ಸಮುದ್ರವೆಲ್ಲ ಬಣ್ಣದ ಬೆಳಕಿನಲ್ಲಿ ಹೊಳೆದು ಅಪರೂಪದ ಮೀನುಗಳು ಏಳುವ ಹೊತ್ತು ಬಂದು, ಹಡಗಿನಲ್ಲಿದ್ದ ಅಪರಿಚಿತರೆಲ್ಲ ಹಿಗ್ಗುತ್ತಿರುವಾಗ, ನಾನು ಗಾಳ ಕೆಳಗಿಟ್ಟು ಯಾರಿಗೂ ಹೇಳದಿದ್ದ ಮಾತನ್ನು ಅವರಿಗೆ ಬರೆದೆ: ಬೆಳಗಾಗುವುದು ಯಾಕೆ ಬೇಕು ಎಂಬುದೇ ನನಗೀಗ ತಿಳಿಯುತ್ತಿಲ್ಲ.

ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಗುಣವಾಗುತ್ತದೆ ಎಂದು ಅವರು ಹೇಳಲಿಲ್ಲ, ದೇವರಿದ್ದಾನೆ ಎಂದಾಗಲೀ ಹಾಗೆ ಯೋಚಿಸಬಾರದು ಎಂದಾಗಲೀ ಹೇಳಲಿಲ್ಲ. ‘ನಾನು ಇಲ್ಲೇ ಇದ್ದೇನೆ. ನಿನ್ನ ಹೆಂಡತಿಯನ್ನು ಎಬ್ಬಿಸು, ಅವಳಿಗೂ ಇದನ್ನು ಹೇಳು. ಹೇಳಿ ಬಂದು ಗಾಳ ಹಾಕು’ ಎಂದರು. ನಾನು ಎಬ್ಬಿಸಿದೆ, ಹೇಳಿದೆ. ಆಕೆ ಅತ್ತಳು, ನಾನೂ ಅತ್ತೆ, ಆಮೇಲೆ ಆಕೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕುಳಿತಳು. ಮೂರೂವರೆಯ ಹಡಗಿನಲ್ಲಿ ಮೀನು ಹಿಡಿದದ್ದು ಆಕೆಯೇ. ಅಷ್ಟು ಹೊತ್ತಿಗೆ ಮೆಲ್ಬರ್ನ್‌ನಲ್ಲಿ ಒಂಬತ್ತಾಗಿತ್ತು. ಅಕ್ಕ ಕೆಲಸಕ್ಕೆ ರಜೆ ಹೇಳಿ ಮತ್ತೆ ಬಂದು ಕುಳಿತಿದ್ದರು. ನಮ್ಮ ಬೀದಿಗೆ ಹಾಲಿನವನು ಬರುವವರೆಗೂ ಅವರು ಬಂದರು ಬಿಟ್ಟು ಕದಲಲಿಲ್ಲ.

ಕಥೆಗೆ ನಾನು ಮರಳಿದ್ದು ಇದಾದ ಸುಮಾರು ಒಂದು ವರ್ಷದ ಬಳಿಕ. ಆ ವೇಳೆಗೆ ನನ್ನ ಪಾತ್ರವಾದ ಪ್ಯಾಲಡಿನ್ (ಕತ್ತಿ, ಗುರಾಣಿ ಹಿಡಿದ ಯೋಧ) ನನಗೇ ಗುರುತು ಸಿಗದಂತಾಗಿದ್ದ. 2023ರ ಜನವರಿಯ 6.3 ಪ್ಯಾಚ್ (ಆಟದ ಪರಿಷ್ಕರಣೆ) ಅವನ ಕೌಶಲಗಳ ಕ್ರಮವನ್ನೇ ಬದಲಿಸಿತ್ತು, ಅಷ್ಟು ದಿನ ಬೆರಳುಗಳು ನೆನಪಿಟ್ಟುಕೊಂಡದ್ದೆಲ್ಲ ವ್ಯರ್ಥವಾಗಿತ್ತು. ಎಂಡ್‌ವಾಕರ್‌ನ ಕಥೆಯ ಡಂಜನ್‌ಗಳನ್ನು ಕಂಪ್ಯೂಟರ್ ನಡೆಸುವ ಸಂಗಡಿಗರೊಂದಿಗೇ ಆಡುವ ಅನುಕೂಲವಿದ್ದುದು ಆಗ ಎಷ್ಟು ನೆಮ್ಮದಿ ಕೊಟ್ಟಿತೆಂಬುದನ್ನು, ಸುಸ್ತಾದಾಗ ಎದ್ದು ಹೋಗಲು ಯಾರ ಅಪ್ಪಣೆಯೂ ಬೇಡದ ಆಟ ಬೇಕಾಗಿದ್ದವರು ಬಲ್ಲರು. ಆದರೆ ದೊಡ್ಡ ಕಾಳಗಗಳಿಗೆ ಎಂಟು ಜನ ನಿಜವಾದ ಮನುಷ್ಯರೇ ಬೇಕು.

ಕಥೆಯನ್ನು ಇನ್ನೂ ಆಡದವರು ಈ ಒಂದು ಪ್ಯಾರಾವನ್ನು ಬಿಟ್ಟು ಓದಿ. ಥಾವ್‌ನೇರ್‌ನಲ್ಲಿ ಭರವಸೆ ಕಳೆದುಕೊಂಡವರು ಕಣ್ಣೆದುರೇ ಪಿಶಾಚಿಗಳಾಗುತ್ತಾರೆ. ಎಲ್ಪಿಸ್‌ನಲ್ಲಿ ಹರ್ಮೀಸ್ ಎಂಬವನು ಮೆಟೀಯನ್ ಎಂಬ ಹಕ್ಕಿಹುಡುಗಿಯ ಸೋದರಿಯರನ್ನು ನಕ್ಷತ್ರಗಳ ಕಡೆಗೆ ಕಳಿಸುತ್ತಾನೆ. ಬದುಕುವುದು ಏತಕ್ಕೆ ಎಂದು ಅಲ್ಲಿನವರನ್ನು ಕೇಳಿ ತಿಳಿಯಬೇಕಾದ ಅವರಿಗೆ ಸಿಗುವುದು ಅಳಿದ, ಅಳಿಯುತ್ತಿರುವ ಲೋಕಗಳು. ವಿಶ್ವದ ಅಂಚಿನ ಅಲ್ಟಿಮಾ ಥೂಲಿಯಲ್ಲಿ ಆ ಲೋಕಗಳ ನೆರಳುಗಳ ನಡುವೆ ಹೆಜ್ಜೆಹೆಜ್ಜೆಗೂ ಸಂಗಡಿಗರನ್ನು ಕಳೆದುಕೊಳ್ಳುತ್ತಾ ನಡೆಯಬೇಕು. ಎಲ್ಲವೂ ಒಂದು ದಿನ ಮುಗಿಯುತ್ತದೆಂದು ತಿಳಿದ ಮೇಲೆಯೂ ಬದುಕಬೇಕೇಕೆ ಎಂಬುದು ಅಲ್ಲಿ ಆಟಗಾರನ ಮುಂದಿಡುವ ಪ್ರಶ್ನೆ, ಮತ್ತು ಕಥೆ ಅದಕ್ಕೆ ತನ್ನದೇ ಆದ ಉತ್ತರವನ್ನೂ ಕೊಡುತ್ತದೆ.

ಅಲ್ಲಿ ನಡೆಯುತ್ತಿರುವಾಗ ನನಗೆ ಥಟ್ಟನೆ ಹೊಳೆಯಿತು: ಹಡಗಿನಲ್ಲಿ ನಾನು ಅದೇ ಪ್ರಶ್ನೆಯನ್ನು ಅಕ್ಕನಿಗೆ ಕೇಳಿದಾಗ, ಇದೆಲ್ಲವೂ ಅವರಿಗೆ ಗೊತ್ತಿತ್ತು. ಈ ಕಥೆಯನ್ನು ಅವರು ಒಂದು ವರ್ಷದ ಹಿಂದೆಯೇ ಮುಗಿಸಿದ್ದರು, ಅದರ ಮಾತುಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು, ಅದರ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರು ಅವರು. ಆ ರಾತ್ರಿ ಅದರಲ್ಲಿ ಒಂದು ಮಾತನ್ನೂ ನನಗೆ ಎತ್ತಿ ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ನೋವಿಗೆ ಇನ್ನೊಬ್ಬರ ವಾಕ್ಯವನ್ನು ಅಂಟಿಸಿದಂತಾಗುತ್ತಿತ್ತು. ನನಗೆ ಸಿಟ್ಟೂ ಬರುತ್ತಿತ್ತೇನೋ. ಇದನ್ನು ಆಮೇಲೆ ಅವರಲ್ಲಿ ಕೇಳಿದೆ. ‘ಅದು ನೀನು ಆಡಿ ನೋಡಬೇಕಾದದ್ದು, ನಾನು ಹೇಳಿದರೆ ಆಗುವುದಿಲ್ಲ’ ಎಂದವರು ತಕ್ಷಣ ಮಾತು ತಿರುಗಿಸಿ, ನನ್ನ ಪ್ಯಾಲಡಿನ್ ಗುರಾಣಿ ಎತ್ತುವುದನ್ನು ಮರೆಯುತ್ತಾನೆಂದು ಬೈದರು.

ಕೊನೆಯ ಕಾಳಗಕ್ಕೆ ನಮ್ಮ ಕಂಪನಿಯ ಏಳು ಮಂದಿ ಜೊತೆಯಾದರು. ಅವರೆಲ್ಲ ಅದನ್ನು ಎಂದೋ ಗೆದ್ದವರು. ದೃಶ್ಯಗಳು ಬಂದಾಗ ಅವರಿಗೆ ಬಿಟ್ಟು ಮುಂದೆ ಸಾಗಲು ಅವಕಾಶವಿರುತ್ತದೆ. ಹಾಗೆ ಸಾಗಿ, ರಣರಂಗದ ಅಂಚಿನಲ್ಲಿ ನನ್ನೊಬ್ಬನಿಗಾಗಿ ನಿಂತು, ನಾನು ನೋಡಿ ಮುಗಿಸುವವರೆಗೆ ಒಬ್ಬರೂ ಅವಸರ ಮಾಡಲಿಲ್ಲ. ಕಾಳಗದ ನಡುವೆ ನಾನು ಬಿದ್ದೆ. ಅಕ್ಕ ಎಬ್ಬಿಸಿದರು, ‘ಈಗ ರಾಮನನ್ನು ಕರೆಯಬಹುದು’ ಎಂದರು.

ಈಗ ದಿನವೂ ಸ್ವಲ್ಪ ಹೊತ್ತು ಅದೇ ಅಲ್ಟಿಮಾ ಥೂಲಿಗೆ ಹೋಗುತ್ತೇನೆ. ಓಮಿಕ್ರಾನ್ ಎಂಬ ಯಂತ್ರಜೀವಿಗಳು ಅಲ್ಲೊಂದು ಕೆಫೆ ನಡೆಸುತ್ತವೆ, ಅಳಿದ ಲೋಕದವರನ್ನು ಕೂರಿಸಿ ಕುಡಿಯಲು ಕೊಟ್ಟು ವಿಚಾರಿಸಿಕೊಳ್ಳುತ್ತವೆ. ಅಷ್ಟು ಭಾರದ ಕಥೆಯ ಬಳಿಕ ಇಂಥದ್ದೊಂದನ್ನು ಸೇರಿಸಿದವರ ಬುದ್ಧಿಯನ್ನು ಮೆಚ್ಚಲೇಬೇಕು. ನನ್ನ ಮಟ್ಟಿಗೆ ಇಡೀ ವಿಸ್ತರಣೆಯಲ್ಲಿ ಅತ್ಯಂತ ಜಾಣತನದ ಕೆಲಸ ಅದೇ. ಪತ್ನಿ ಕೂಡ ಈಗ ಉಚಿತ ಪ್ರಯೋಗದ ಖಾತೆ ತೆರೆದಿದ್ದಾಳೆ. ಅದರಲ್ಲಿ ಎಪ್ಪತ್ತನೆಯ ಹಂತದವರೆಗೆ ಹಣ ಕೊಡದೆ ಆಡಬಹುದು. ಆಕೆಗೆ ಕತ್ತಿ, ಮಂತ್ರಗಳಲ್ಲಿ ಆಸಕ್ತಿಯಿಲ್ಲ, ಮೀನು ಹಿಡಿಯುವ ಹಡಗಿಗೆ ನೇರವಾಗಿ ಹೋಗುವ ದಾರಿ ಯಾವುದೆಂದು ಕೇಳುತ್ತಿದ್ದಾಳೆ.

ಅಕ್ಕಾ, ಇದನ್ನು ಓದಿ ಬೈಯುತ್ತೀರಿ ಎಂದು ಗೊತ್ತು. ಬೈಯಿರಿ. ಹೆಸರಂತೂ ಹಾಕಿಲ್ಲ. ನೀವು ಬಹುದಿನದಿಂದ ಹೇಳುತ್ತಿದ್ದಂತೆ ನಾನೂ ಗ್ರಿಡಾನಿಯಾಕ್ಕೆ ಹೋಗಿ ಕಾಂಜ್ಯುರರ್ ಆಗಿ ಮೊದಲ ಹಂತದಿಂದ ಗಾಯ ಮಾಯಿಸುವ ವಿದ್ಯೆ ಕಲಿಯಲು ಆರಂಭಿಸಿದ್ದೇನೆ. ಕನ್ನಡಿಗರು ಯಾರಾದರೂ ಹೊಸದಾಗಿ ರಾವಣಕ್ಕೆ ಬರುವವರಿದ್ದರೆ ನನಗೊಂದು ಮಾತು ತಿಳಿಸಿ. ಎಷ್ಟು ನಿಧಾನವಾಗಿ ನಡೆದರೂ ಜೊತೆಗೆ ಬರುತ್ತೇನೆ, ಮುಂದಿನ ಕಥೆಯನ್ನು ಮಾತ್ರ ಕೇಳಬೇಡಿ.