ಡ್ಯಾನ್ಸ್ ಮ್ಯಾಟಿನ ಎಡ ಬಾಣ ಹಿಡಿಯುತ್ತಿಲ್ಲ, ಬದಲಿಸಿ ಕೊಡಿ

ಗೆ,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಹೊಸ ಡ್ಯಾನ್ಸ್ ಮ್ಯಾಟಿನ ದೋಷದ ಬಗ್ಗೆ

ನಮಸ್ಕಾರ.

ಹೋದ ತಿಂಗಳು ನಿಮ್ಮಲ್ಲಿ ಪ್ಲೇಸ್ಟೇಷನ್ 2ರ ಡಿಡಿಆರ್‌ಮ್ಯಾಕ್ಸ್ ಆಟದ ಹಳೆಯ ಡಿಸ್ಕ್, ಜೊತೆಗೆ ಒಂದು ಹೊಸ ಡ್ಯಾನ್ಸ್ ಮ್ಯಾಟ್ ತರಿಸಿಕೊಂಡೆ. ಟಿವಿಯಲ್ಲಿ ಬರುವ ಬಾಣ ನೋಡಿ, ಹಾಡಿನ ತಾಳಕ್ಕೆ ಮ್ಯಾಟಿನ ಮೇಲಿನ ಅದೇ ಬಾಣವನ್ನು ತುಳಿಯುವ ಆಟ ಇದು. ಡಿಸ್ಕ್ ಬಗ್ಗೆ ನನ್ನ ತಕರಾರಿಲ್ಲ. 2002ರ ಅಮೆರಿಕದ ಆವೃತ್ತಿ ಅಂದಿರಿ, ಅದನ್ನೇ ಕಳಿಸಿದ್ದೀರಿ. ನಮ್ಮಕ್ಕ ಅಲ್ಲಿಂದ ತಂದ ಕನ್ಸೋಲ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ತೊಂದರೆ ಇರೋದು ಮ್ಯಾಟಿನಲ್ಲಿ.

ಪ್ಯಾಕೆಟ್ ಬಿಚ್ಚಿದಾಗಲೇ ಎಡ ಬಾಣದ ಮೇಲೆ ಉದ್ದಕ್ಕೆ ಒಂದು ಮಡಿಕೆ ಇತ್ತು. ಕೈಯಿಂದ ಎಷ್ಟು ಸವರಿದರೂ ಹೋಗಲಿಲ್ಲ. ಇಂಥ ಮೆತ್ತನೆ ಮ್ಯಾಟಿನೊಳಗೆ ಎರಡು ತೆಳು ಹಾಳೆಗಳಿರುತ್ತವೆ. ಕಾಲಿಟ್ಟಾಗ ಅವೆರಡೂ ತಾಗಿದರೆ ಮಾತ್ರ ಹೆಜ್ಜೆ ಲೆಕ್ಕಕ್ಕೆ ಬರುತ್ತೆ. ಮಡಿಕೆ ಬಿದ್ದ ಕಡೆ ಅವು ತಾಗಿಯೂ ತಾಗದ ಹಾಗಾಗಿವೆ ಅನ್ನಿಸುತ್ತೆ.

ನಿಮ್ಮವರು ಫೋನಿನಲ್ಲಿ "ಒತ್ತಿದ್ರೆ ಬೀಳುತ್ತಲ್ವಾ ಮೇಡಂ, ಕೆಲಸ ಮಾಡ್ತಿದೆ" ಅಂದರು. ಬೀಳುತ್ತೆ, ನಿಜ. ಆದರೆ ಈ ಆಟದಲ್ಲಿ ಬಿದ್ದರೆ ಸಾಲದು, ನಿಲ್ಲಬೇಕು. ಬಾಲ ಇರುವ ಹಸಿರು ಬಾಣ ಬಂದಾಗ, ಆ ಬಾಲ ಮುಗಿಯುವ ತನಕ ಕಾಲು ಎತ್ತೋ ಹಾಗಿಲ್ಲ. ಹಿಡಿದಿದ್ದರೆ ಪರದೆಯಲ್ಲಿ ಓಕೆ ಅಂತ ಬರುತ್ತೆ, ಬಿಟ್ಟರೆ ಎನ್‌ಜಿ, ಅಂದರೆ ತಪ್ಪಿತು ಅಂತ. ನನ್ನ ಹತ್ತು ವರ್ಷದ ಮಗಳು ಎಡಗಾಲನ್ನು ಊರಿ ಅಲ್ಲಾಡದೆ ನಿಂತಿರುತ್ತಾಳೆ. ಅರ್ಧಕ್ಕೇ ಎನ್‌ಜಿ ಬೀಳುತ್ತೆ. ನಾನು ಪಕ್ಕದಲ್ಲೇ ಕೂತು ಅವಳ ಹಿಮ್ಮಡಿ ನೋಡುತ್ತಿದ್ದೆ. ಕಾಲು ಎದ್ದಿರಲಿಲ್ಲ. ಇಂಥವು ನಾಲ್ಕೈದು ಸೇರಿದರೆ ಪರದೆಯ ಮೇಲ್ಗಡೆ ಆಟ ಎಷ್ಟು ಉಳಿದಿದೆ ಅಂತ ತೋರಿಸುವ ಪಟ್ಟಿ (ಗೇಜ್) ಇಳಿಯುತ್ತಾ ಬರುತ್ತೆ, ಹಾಡು ನಡುವೆಯೇ ನಿಂತುಹೋಗುತ್ತೆ. "ಅಮ್ಮಾ, ನಾನು ಸರಿಯಾಗೇ ನಿಂತಿದ್ದೆ" ಅಂತ ಅವಳು ಅತ್ತಾಗ ನನಗೆ ತಡೆಯಲಾಗಲಿಲ್ಲ.

ಟಿವಿಯದ್ದೇ ದೋಷ ಅಂತಲೂ ನಿಮ್ಮವರು ಹೇಳಿದರು. ಹೊಸ ಟಿವಿಗಳಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತೆ, ಒಪ್ಪುತ್ತೇನೆ. ಹಾಗಿದ್ದರೆ ನಾಲ್ಕೂ ಬಾಣಗಳು ತಪ್ಪಬೇಕಿತ್ತು, ಅಲ್ವಾ? ಮ್ಯಾಟ್ ತೆಗೆದು ಮಾಮೂಲಿ ಕಂಟ್ರೋಲರ್ ಹಾಕಿ ಅದೇ ಹಾಡು ಆಡಿದೆ. ಎಡಕ್ಕೆ ಬಂದ ಪ್ರತಿ ಹಸಿರು ಬಾಣಕ್ಕೂ ಓಕೆ ಬಂತು.

ಈ ಡಿಸ್ಕ್‌ನಲ್ಲಿ ಮ್ಯಾಕ್ಸ್ 300 ಅಂತ ಒಂದು ಹಾಡಿದೆ. ನಿಮಿಷಕ್ಕೆ 300 ಬೀಟ್, ಅಂದರೆ ಒಂದು ಬೀಟಿಗೆ ಸೆಕೆಂಡಿನ ಐದನೇ ಒಂದು ಪಾಲು. ಅದರಲ್ಲಿ ಹೆಜ್ಜೆ ತಪ್ಪಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ನಾವು ಆಡುತ್ತಿರುವುದು ಅದರ ಅರ್ಧ ವೇಗದ ಹಾಡುಗಳನ್ನು. ಟ್ರೇನಿಂಗ್ ಮೋಡ್‌ನಲ್ಲಿ ವೇಗ ಇನ್ನೂ ತಗ್ಗಿಸಿ ನೋಡಿದೆವು. ಅಲ್ಲೂ ಎಡ ಬಾಣದ್ದು ಅದೇ ಕಥೆ.

ಇನ್ನೊಂದು ಮಾತು ಹೇಳಲೇಬೇಕು. ನಿಮ್ಮವರು ನಗುತ್ತಾ "ಕುಣಿಯೋಕೆ ಬರದವರಿಗೆ ನೆಲ ಡೊಂಕು" ಅಂದರು. ಫೋನ್ ಸ್ಪೀಕರ್‌ನಲ್ಲಿತ್ತು, ಮಗು ಕೇಳಿಸಿಕೊಂಡಿತು. ಅವಳು ದಿನಾ ಸಂಜೆ ಕಾಲ್ಚೀಲ ಬಿಚ್ಚಿಟ್ಟು, ಒಂದೇ ಹಾಡನ್ನು ಹತ್ತು ಸಲ ಆಡಿ ಕಲಿತವಳು. ಕಣ್ಣು ಬಾಣದ ಮೇಲೆ, ಕಿವಿ ಹಾಡಿನ ಮೇಲೆ, ಕಾಲು ತಾಳಕ್ಕೆ. ಇಲ್ಲಿ ನೆಲವೇ ಡೊಂಕಾಗಿದೆ, ಆ ನೆಲ ನೀವು ಮಾರಿದ್ದು.

ಮ್ಯಾಟನ್ನು ಬದಲಿಸಿ ಕೊಡಿ. ಈ ಸಲ ಮಡಚದೆ, ಸುರುಳಿ ಸುತ್ತಿ ಕಳಿಸಿ. ಸ್ಟಾಕ್ ಇಲ್ಲದಿದ್ದರೆ ಮ್ಯಾಟಿನ ₹2,400 ವಾಪಸ್ ಮಾಡಿ, ಡಿಸ್ಕ್ ನಾನೇ ಇಟ್ಟುಕೊಳ್ಳುತ್ತೇನೆ. ಬಿಲ್ಲಿನ ಪ್ರತಿ, ಮಡಿಕೆಯ ಫೋಟೋ, ಮಗಳು ಆಡುತ್ತಿರುವ ವಿಡಿಯೋ ಜೊತೆಗಿಟ್ಟಿದ್ದೇನೆ. ವಿಡಿಯೋದಲ್ಲಿ ಅವಳ ಎಡಗಾಲನ್ನೇ ನೋಡಿ. ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಫೋನಿನಲ್ಲಿ ಮಾತಾಡಿದವರು ಮಗಳ ಹತ್ತಿರ ಒಂದು ಸಲ ಕ್ಷಮೆ ಕೇಳಿದರೂ ನನಗೆ ಸಮಾಧಾನ.

ಇಂತಿ,
ನಿಮ್ಮ ಗ್ರಾಹಕಿ
ಮೈಸೂರು